ನಾಯಿ ತೇಕುತ್ತಿದೆ: ಬಿಸಿಲಿನದೋ, ಕಾಯಿಲೆಯದೋ?

ನಾಯಿ ಈಗಾಗಲೇ ಕುಸಿದಿದ್ದರೆ, ತೂರಾಡುತ್ತಿದ್ದರೆ, ಹೆಸರು ಹಿಡಿದು ಕರೆದರೂ ತಿರುಗಿ ನೋಡದಿದ್ದರೆ ಇದನ್ನು ಪೂರ್ತಿ ಓದುತ್ತಾ ಕೂರಬೇಡಿ. ನೆರಳಿಗೆ ಎತ್ತಿಕೊಂಡು ಹೋಗಿ. ಕೈಗೆ ಸಿಕ್ಕ ತಣ್ಣೀರನ್ನು ಕತ್ತು, ಕಂಕುಳು, ಹೊಟ್ಟೆ, ತೊಡೆಸಂದಿನ ಮೇಲೆ ಸುರಿಯುತ್ತಲೇ ಇರಿ. ಒಬ್ಬರು ಫ್ಯಾನ್ ಹಾಕಲಿ, ಇಲ್ಲವೇ ರಟ್ಟಿನಿಂದ ಗಾಳಿ ಬೀಸಲಿ. ಇನ್ನೊಬ್ಬರು ಪಶುವೈದ್ಯರಿಗೆ ಫೋನ್ ಮಾಡಲಿ. ಮೂಗು, ಬಾಯಿಗೆ ನೀರು ಹೋಗದಂತೆ ನೋಡಿಕೊಳ್ಳಿ. ಮೊದಲು ತಂಪು, ಆಮೇಲೆ ಗಾಡಿ. ಉಳಿದದ್ದನ್ನು ಆಸ್ಪತ್ರೆಯಿಂದ ಬಂದ ಮೇಲೆ ಓದಿದರಾಯಿತು.

ನಾಯಿ ಇನ್ನೂ ನಿಂತಿದೆ, ಆದರೆ ಏನೋ ಸರಿಯಿಲ್ಲ ಅನಿಸುತ್ತಿದೆ ಅಂದರೆ ಮುಂದೆ ಓದಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಎರಡು ಥರದ ಎಡವಟ್ಟು ಆಗುತ್ತದೆ. ಒಂದು, ಜೀವಕ್ಕೇ ಕುತ್ತು ಬಂದಿರುವಾಗ "ಉಷ್ಣ ಆಗಿದೆ, ಮಜ್ಜಿಗೆ ಕುಡಿಸಿ ಮಲಗಿಸಿದ್ರೆ ಸರಿಹೋಗುತ್ತೆ" ಅಂತ ಬಿಟ್ಟುಬಿಡುವುದು. ಇನ್ನೊಂದು ಇದರ ತಿರುವುಮುರುವು. ಉಣ್ಣೆ ಹುಳ ಕಚ್ಚಿ ಬಂದ ಜ್ವರವೋ, ಹೊಟ್ಟೆಯಲ್ಲಿ ಸಿಕ್ಕಿಕೊಂಡ ಮಾವಿನ ಗೊರಟೋ ಕಾರಣವಾಗಿರುವಾಗ ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಿ ವಾರ ಕಳೆಯುವುದು. ಎರಡರಲ್ಲೂ ನಾಯಿ ತೇಕುತ್ತದೆ, ಊಟ ಬಿಡುತ್ತದೆ, ಮೂಲೆ ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತದೆ. ಆದರೆ ಬಿಡಿಸಿ ನೋಡಲು ದಾರಿ ಇದೆ. ಅದಕ್ಕೆ ಬೇಕಾಗಿರುವುದು ಒಂದು ಥರ್ಮಾಮೀಟರ್ ಮತ್ತು ಸ್ವಲ್ಪ ಹೊತ್ತು ಸಮಾಧಾನವಾಗಿ ನೋಡುವ ಕಣ್ಣು.

ನಾಯಿಯ ಮೈ ತಣ್ಣಗಾಗುವುದು ಹೇಗೆ

ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಅಂಗಾಲಿನಲ್ಲಿ ಸ್ವಲ್ಪ ಬೆವರು ಬರುತ್ತದೆ ಅಷ್ಟೆ, ಅದರಿಂದ ಮೈ ತಣಿಯುವುದಿಲ್ಲ. ಮುಖ್ಯ ಕೆಲಸ ನಡೆಯುವುದು ನಾಲಿಗೆ, ಬಾಯಿ, ಮೂಗಿನ ಒಳಗೆ. ತೇಕುವಾಗ ಅಲ್ಲಿನ ತೇವ ಆವಿಯಾಗುತ್ತದೆ, ಹೋಗುವಾಗ ಶಾಖವನ್ನೂ ಹೊತ್ತೊಯ್ಯುತ್ತದೆ. ಏರ್ ಕೂಲರ್ ಕೆಲಸ ಮಾಡುವುದೂ ಹೀಗೇ ಅಲ್ವಾ? ಕಲಬುರಗಿ, ರಾಯಚೂರಿನ ಒಣ ಬಿಸಿಲಲ್ಲಿ ಕೂಲರ್ ಕೋಣೆಯನ್ನು ಚೆನ್ನಾಗಿ ತಂಪು ಮಾಡುತ್ತದೆ. ಅದೇ ಕೂಲರನ್ನು ಮಂಗಳೂರಿನ ಸೆಕೆಯಲ್ಲಿ ಇಟ್ಟರೆ ದಂಡ. ಗಾಳಿಯಲ್ಲೇ ನೀರು ತುಂಬಿರುವಾಗ ಇನ್ನಷ್ಟು ಆವಿ ಹೋಗುವುದೆಲ್ಲಿಗೆ?

ಹಾಗಾಗಿ ಮೊಬೈಲ್‌ನಲ್ಲಿ ಕಾಣುವ ಡಿಗ್ರಿ ಒಂದನ್ನೇ ನೋಡಿ ಧೈರ್ಯ ತಂದುಕೊಳ್ಳಬೇಡಿ. 42 ಡಿಗ್ರಿಯ ರಾಯಚೂರು ಅಪಾಯ ಅಂತ ಎಲ್ಲರಿಗೂ ಗೊತ್ತು. ಗಾಳಿ ಆಡದ, 33 ಡಿಗ್ರಿಯ ಉಡುಪಿಯ ಮಧ್ಯಾಹ್ನವೂ ಅಷ್ಟೇ ಅಪಾಯ ಆಗಬಹುದು. ಬೆಂಗಳೂರಿನವರು "ನಮ್ಮೂರು ತಂಪು" ಅಂದುಕೊಳ್ಳುತ್ತಾರೆ. ಆ ಬೆಂಗಳೂರೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡಿದೆ.

ತಣಿಯಲು ನಾಯಿಗೆ ಮೂರು ಬೇಕು. ಒಳಗೆ ಸಾಕಷ್ಟು ನೀರಿರಬೇಕು. ಸುತ್ತ ಆಡುವ ಗಾಳಿ ಬೇಕು. ಉಸಿರಿನ ದಾರಿ ತೆರೆದಿರಬೇಕು. ಇವುಗಳಲ್ಲಿ ಒಂದು ಕೈಕೊಟ್ಟರೆ ಶಾಖ ಒಳಗೇ ಉಳಿಯುತ್ತದೆ. ನಾಯಿ ಓಡಿ ಆಡಿ ತಾನೇ ಶಾಖ ಹುಟ್ಟಿಸುತ್ತಿದ್ದರೆ ಮೂರೂ ಸರಿಯಿದ್ದರೂ ಸಾಲದೇ ಹೋಗಬಹುದು. ಮುಂದೆ ಮಾಡುವ ತಪಾಸಣೆಯೆಲ್ಲ ಇದರ ಮೇಲೇ ನಿಂತಿದೆ.

ಮೊದಲು ಜ್ವರ ಅಳೆಯಿರಿ

ಮೂಗು ಮುಟ್ಟಿ ನೋಡುವುದು, ಕಿವಿ ಬಿಸಿಯಿದೆಯಾ ಅಂತ ಹಿಡಿದು ನೋಡುವುದು ಯಾವುದೂ ನಂಬಿಕೆಗೆ ಬರುವುದಿಲ್ಲ. ಚೆನ್ನಾಗಿರುವ ನಾಯಿಯ ಮೂಗೂ ನಿದ್ದೆಯಿಂದ ಎದ್ದಾಗ ಒಣಗಿರುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಒಂದನ್ನು ನಾಯಿಗೆಂದೇ ತೆಗೆದಿಡಿ. ತುದಿಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ, ಬಾಲ ಎತ್ತಿ, ಗುದದ್ವಾರದಲ್ಲಿ ಒಂದು ಇಂಚಿನಷ್ಟು ಮೆಲ್ಲಗೆ ಸೇರಿಸಿ ಹಿಡಿದುಕೊಳ್ಳಿ. ಒಬ್ಬರು ಮುಂದೆ ಕೂತು ತಲೆ ಸವರುತ್ತಿದ್ದರೆ ಹೆಚ್ಚಿನ ನಾಯಿಗಳು ಸುಮ್ನೆ ನಿಲ್ಲುತ್ತವೆ. ಮುಖ ಚಪ್ಪಟೆ ಇರುವ ನಾಯಿ, ಕಚ್ಚಲು ಬರುವ ನಾಯಿ ಇದ್ದರೆ ಬಲವಂತ ಬೇಡ. ಒದ್ದಾಟದಲ್ಲೇ ಜ್ವರ ಏರುತ್ತದೆ.

ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲು. ನಮ್ಮ 98.4ರ ಲೆಕ್ಕ ಇಟ್ಟುಕೊಂಡು ಗಾಬರಿ ಆಗಬೇಡಿ. ಆಡಿ ಬಂದ ನಾಯಿಯಲ್ಲಿ 103 ಕಂಡರೆ ನೆರಳು, ನೀರು, ಗಾಳಿ ಕೊಟ್ಟು ಕಾಯಿರಿ. 104 ದಾಟಿದ್ದರೆ ನೀರು ಸುರಿಯಲು ಶುರು ಮಾಡಿ, ವೈದ್ಯರಿಗೆ ಫೋನ್ ಹಚ್ಚಿ. 106ರ ಹತ್ತಿರ ಬಂದರೆ ಕಿಡ್ನಿ, ಕರುಳು, ಮಿದುಳು ಎಲ್ಲಕ್ಕೂ ಪೆಟ್ಟು ಬೀಳಲು ಶುರುವಾಗಿರುತ್ತದೆ. ಅಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಇಲ್ಲೊಂದು ಎಚ್ಚರಿಕೆ. ಕುಸಿದು ಬಿದ್ದ ನಾಯಿಗೆ ನೀರು ಸುರಿದ ಮೇಲೆ ಅಳೆದರೆ ಮಾಮೂಲು ಅಂಕಿಯೇ ಬರಬಹುದು. ಅಷ್ಟಕ್ಕೇ ಬಿಸಿಲಾಘಾತ ಆಗಿರಲಿಲ್ಲ ಅನ್ನಬೇಡಿ. ಮೊದಲು ಎಷ್ಟಿತ್ತು ಅನ್ನುವುದು ಯಾರಿಗೂ ಗೊತ್ತಿಲ್ಲ. ಕುಸಿದದ್ದೇ ಸಾಕ್ಷಿ.

ತುಟಿ ಎತ್ತಿ ನೋಡಿ

ಥರ್ಮಾಮೀಟರ್ ಆದ ಮೇಲೆ ಒಸಡು. ಮೇಲ್ತುಟಿಯನ್ನು ಹೆಬ್ಬೆರಳಲ್ಲಿ ಎತ್ತಿ, ಕೋರೆಹಲ್ಲಿನ ಮೇಲಿನ ಜಾಗ ನೋಡಿ. ಚೆನ್ನಾಗಿದ್ದರೆ ತಿಳಿ ಗುಲಾಬಿ ಬಣ್ಣ, ಮುಟ್ಟಿದರೆ ಜಾರುವಷ್ಟು ಒದ್ದೆ. ಬೆರಳಿನಿಂದ ಒತ್ತಿ ಬಿಟ್ಟರೆ ಆ ಜಾಗ ಬಿಳುಚುತ್ತದೆ. 2 ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಬಿಸಿಲಾಘಾತದ ಶುರುವಿನಲ್ಲಿ ಒಸಡು, ನಾಲಿಗೆ ಕಡುಗೆಂಪಾಗುತ್ತದೆ. ನಾಲಿಗೆಯ ತುದಿ ಅಗಲವಾಗಿ ಹೊರಗೆ ಜೋತುಬೀಳುತ್ತದೆ. ಜೊಲ್ಲು ತೆಳ್ಳಗೆ ಹನಿಯುವ ಬದಲು ಅಂಟಂಟಾಗಿ ಎಳೆ ಬರುತ್ತದೆ. ಪರಿಸ್ಥಿತಿ ಕೈಮೀರುತ್ತಿದ್ದ ಹಾಗೆ ಕೆಂಪು ಹೋಗಿ ಒಸಡು ಬೂದಿ ಬಣ್ಣಕ್ಕೋ ನೀಲಿಗೋ ತಿರುಗುತ್ತದೆ. ಆಗ ವಾಂತಿ, ರಕ್ತ ಬೆರೆತ ಭೇದಿ, ನಡುಕ, ಫಿಟ್ಸ್ ಯಾವುದು ಬೇಕಾದರೂ ಬರಬಹುದು.

ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅಂಥವುಗಳ ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ಒಳಭಾಗ ನೋಡಿ. ಇದನ್ನೆಲ್ಲ ನಾಯಿ ಆರಾಮಾಗಿರುವ ದಿನವೇ ಒಂದು ಸಲ ನೋಡಿಟ್ಟುಕೊಳ್ಳಿ. ಮಾಮೂಲು ಬಣ್ಣ ಯಾವುದು ಅಂತ ಗೊತ್ತಿಲ್ಲದಿದ್ದರೆ ಗಾಬರಿಯ ಹೊತ್ತಲ್ಲಿ ಎಲ್ಲವೂ ಕೆಂಪಾಗಿಯೇ ಕಾಣುತ್ತದೆ.

ತೇಕುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ತೇಕುವುದು ನಿಲ್ಲಿಸಿದರೆ ಜನ "ಈಗ ಪರವಾಗಿಲ್ಲ" ಅನ್ನುತ್ತಾರೆ. ಎದ್ದು ನೀರು ಕುಡಿದರೆ, ಬಾಲ ಆಡಿಸಿದರೆ ಸರಿ, ಒಪ್ಪೋಣ. ಮಂಕಾಗಿ ಬಿದ್ದುಕೊಂಡು ತೇಕುವುದು ನಿಂತಿದ್ದರೆ ಅದು ಸುಸ್ತಾಗಿ ಕೈಚೆಲ್ಲಿದೆ ಅಂತ ಅರ್ಥ.

ತಂಪು ಮಾಡುವಾಗ

ಈ ವಿಷಯದಲ್ಲಿ ಹಳೆಯ ಸಲಹೆಗಳು ಎಷ್ಟೋ ಇನ್ನೂ ಓಡಾಡುತ್ತಿವೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಬ್ರಿಟನ್ನಿನ ಪಶು ಆಸ್ಪತ್ರೆಗಳ ದಾಖಲೆಗಳನ್ನು ಜಾಲಾಡಿ ನೋಡಿದ್ದಾರೆ. ಬಿಸಿಲಿನ ಪೆಟ್ಟು ತಿಂದು ಬಂದ ನಾಯಿಗಳಲ್ಲಿ ಮನೆಯಲ್ಲೇ ತಂಪು ಮಾಡಿ ಕರೆತಂದದ್ದು ಐದರಲ್ಲಿ ಒಂದನ್ನು ಮಾತ್ರ. ಉಳಿದವರು ಬಿಸಿ ನಾಯಿಯನ್ನು ಹಾಗೇ ಗಾಡಿಗೆ ಹಾಕಿಕೊಂಡು ಬಂದಿದ್ದರು. ಆಸ್ಪತ್ರೆ ಸೇರುವ ತನಕ ಒಳಗೆ ಬೇಯುತ್ತಲೇ ಇರುತ್ತದೆ. ನಮ್ಮ ಟ್ರಾಫಿಕ್‌ನಲ್ಲಿ ಅದು ಎಷ್ಟು ಹೊತ್ತು ಅಂತ ನೀವೇ ಯೋಚಿಸಿ.

ಪ್ರಾಯದ, ಗಟ್ಟಿಮುಟ್ಟಾದ, ಎಚ್ಚರವಿರುವ ನಾಯಿಯಾದರೆ ಟಬ್‌ನಲ್ಲೋ, ಬಟ್ಟೆ ಒಗೆಯುವ ತೊಟ್ಟಿಯಲ್ಲೋ ತಣ್ಣೀರು ತುಂಬಿ ಕತ್ತಿನ ತನಕ ಮುಳುಗಿಸಿ, ತಲೆ ಎತ್ತಿ ಹಿಡಿಯಿರಿ. ಮುದಿ ನಾಯಿ, ಹೃದಯದ ತೊಂದರೆ ಇರುವುದು, ಎಚ್ಚರ ತಪ್ಪಿದ್ದು ಆದರೆ ಮುಳುಗಿಸಬೇಡಿ. ಮೈಮೇಲೆ ನೀರು ಸುರಿಯುತ್ತಾ ಫ್ಯಾನ್ ಗಾಳಿ ಹಾಯಿಸಿ. ಬರೀ ಫ್ಯಾನ್ ಹಾಕಿದರೆ ಹೆಚ್ಚು ಪ್ರಯೋಜನವಿಲ್ಲ. ಬೆವರದ ಮೈಗೆ ಒಣ ಗಾಳಿ ತಾಗಿದರೆ ತಂಪಾಗುವುದು ಹೇಗೆ? ಒದ್ದೆ ಮೈ, ಮೇಲೆ ಗಾಳಿ, ಎರಡೂ ಸೇರಬೇಕು. ಕರಾವಳಿಯಲ್ಲಿ ಎಸಿ ಕೋಣೆಯಿದ್ದರೆ ಒದ್ದೆ ನಾಯಿಯನ್ನು ಅಲ್ಲಿಗೇ ಒಯ್ಯಿರಿ. ನೆಲ ಒದ್ದೆಯಾಗುತ್ತದೆ ಅಂತ ಈ ಹೊತ್ತಲ್ಲಿ ನೋಡಬೇಡಿ.

ನೀರು ಯಾವ ನಲ್ಲಿಯದು ಅನ್ನುವುದನ್ನು ಮರೆಯಬೇಡಿ. ಮಧ್ಯಾಹ್ನ ಎರಡಕ್ಕೆ ಟೆರೇಸ್ ಮೇಲಿನ ಕಪ್ಪು ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಪೈಪಿನಲ್ಲಿ ನಿಂತಿದ್ದದ್ದು ಇನ್ನೂ ಜಾಸ್ತಿ. ಮೊದಲು ನಿಮ್ಮ ಕೈಮೇಲೆ ಬಿಟ್ಟು ನೋಡಿ. ಸಂಪ್, ಬಾವಿ, ಕುಡಿಯುವ ನೀರಿನ ಕ್ಯಾನ್, ಬಚ್ಚಲಲ್ಲಿ ಬೆಳಿಗ್ಗೆ ತುಂಬಿಟ್ಟ ಬಕೆಟ್, ಯಾವುದು ತಣ್ಣಗಿದೆಯೋ ಅದನ್ನು ಬಳಸಿ.

ಐಸ್ ನೀರು ಹಾಕಿದರೆ ನಾಯಿ ಸತ್ತೇ ಹೋಗುತ್ತದೆ ಅನ್ನುವ ಭಯ ಬಹಳ ಜನರಿಗಿದೆ. ಆ ಭಯದಲ್ಲಿ ನೀರನ್ನೇ ಹಾಕದೆ ಕೂರುವುದು ಅದಕ್ಕಿಂತ ಕೆಟ್ಟದ್ದು. ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರಾದರೂ ಕೆಲಸ ಮಾಡುತ್ತದೆ. ಐಸ್ ತರಲು ಅಂಗಡಿಗೆ ಓಡಬೇಡಿ, ಅಷ್ಟೆ. ಒದ್ದೆ ಟವೆಲನ್ನು ಮೈಮೇಲೆ ಹೊದಿಸಿ ಬಿಟ್ಟುಬಿಡುವುದು ಇನ್ನೊಂದು ರೂಢಿ. ಸ್ವಲ್ಪ ಹೊತ್ತಿಗೇ ಟವೆಲ್ ಬಿಸಿಯಾಗಿ ಶಾಖವನ್ನು ಒಳಗೇ ಕಟ್ಟಿಹಾಕುತ್ತದೆ. ಟವೆಲ್ ಬೇಕಾದರೆ ಅಡಿಗೆ ಹಾಸಿ. ಸ್ಪಿರಿಟ್ ಉಜ್ಜಬೇಡಿ.

ಬಾಯಿಗೆ ನೀರು ಬಲವಂತವಾಗಿ ಹುಯ್ಯಬೇಡಿ. ಶ್ವಾಸಕೋಶಕ್ಕೆ ಹೋದರೆ ಮತ್ತೊಂದು ಆಪತ್ತು. ತಾನಾಗಿ ನೆಕ್ಕಿದರೆ ಸ್ವಲ್ಪ ಸ್ವಲ್ಪ ಕುಡಿಯಲಿ. ಮನೆಯಲ್ಲಿರುವ ಜ್ವರದ ಮಾತ್ರೆ, ಪ್ಯಾರಾಸಿಟಮಾಲ್ ಆಗಲಿ ಐಬುಪ್ರೊಫೆನ್ ಆಗಲಿ, ಖಂಡಿತ ಬೇಡ. ಇದು ಹೊರಗಿನ ಶಾಖ, ಮಾತ್ರೆಗೆ ಇಳಿಯುವುದಿಲ್ಲ. ಮೇಲಾಗಿ ಆ ಮಾತ್ರೆಗಳು ನಾಯಿಗೆ ವಿಷವಾಗುತ್ತವೆ.

ಐದೈದು ನಿಮಿಷಕ್ಕೊಮ್ಮೆ ಜ್ವರ ಅಳೆಯಿರಿ. 103ಕ್ಕೆ ಇಳಿಯುತ್ತಿದ್ದ ಹಾಗೆ ನೀರು ನಿಲ್ಲಿಸಿ, ಇಲ್ಲದಿದ್ದರೆ ಇಳಿಯುತ್ತಾ ಇಳಿಯುತ್ತಾ ಮಾಮೂಲಿಗಿಂತ ಕೆಳಗೆ ಹೋಗಿಬಿಡುತ್ತದೆ. ಆಮೇಲೆ ಹೊರಡಿ. ಆಟೋ ಆದರೆ ಎರಡೂ ಕಡೆ ಪರದೆ ಎತ್ತಿಸಿ. ಕಾರಾದರೆ ನಾಯಿಯನ್ನು ಹತ್ತಿಸುವ ಮೊದಲೇ ಎಸಿ ಹಾಕಿಡಿ.

ಬಿಸಿಲಲ್ಲದ ಕಾರಣಗಳು

ನಾಯಿ ಕುಸಿದಿಲ್ಲ, ಆದರೆ ಎರಡು ದಿನದಿಂದ ಮಂಕು, ತೇಕು. ಇಂಥ ಸಂದರ್ಭದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ: ಬೆಳಗಿನ ಜಾವ ಆರಕ್ಕೆ ಜ್ವರ ಎಷ್ಟಿತ್ತು? ಬಿಸಿಲಿನ ತಾಪವಾದರೆ ರಾತ್ರಿಯ ತಂಪಿನಲ್ಲಿ ಮಲಗಿ ಎದ್ದ ನಾಯಿ ಮಾಮೂಲಿಗೆ ಬಂದಿರುತ್ತದೆ. ತಣ್ಣನೆ ನೆಲದಲ್ಲಿ ರಾತ್ರಿಯೆಲ್ಲ ಮಲಗಿದ್ದೂ ಬೆಳಿಗ್ಗೆ 104 ತೋರಿಸಿದರೆ ಅದು ಜ್ವರ. ಕಾರಣ ಒಳಗಿದೆ.

ನಮ್ಮಲ್ಲಿ ಆ ಕಾರಣ ಬಹಳ ಸಲ ಉಣ್ಣೆ. ಬೇಸಿಗೆಯಲ್ಲಿ ಉಣ್ಣೆ ಹೆಚ್ಚುತ್ತದೆ, ಅದರ ಹಿಂದೆಯೇ ಎರ್ಲಿಕಿಯಾ, ಬೆಬೀಸಿಯಾ ಅನ್ನುವ ರಕ್ತದ ಸೋಂಕುಗಳು ಬರುತ್ತವೆ. ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಕತ್ತುಪಟ್ಟಿಯ ಕೆಳಗೆ ಬೆರಳಾಡಿಸಿ ಹುಡುಕಿ. ಉಣ್ಣೆ ಕಾಣದಿದ್ದರೂ ಕಚ್ಚಿ ಉದುರಿರಬಹುದು. ಒಸಡು ಬಿಳುಚಿದೆಯಾ, ಹೊಟ್ಟೆಯ ಮೇಲೆ ಸಾಸಿವೆ ಗಾತ್ರದ ಕೆಂಪು ಚುಕ್ಕೆ ಇವೆಯಾ, ಮೂಗಿನಲ್ಲಿ ರಕ್ತ ಬಂದಿದೆಯಾ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದೆಯಾ ನೋಡಿ. ಇವುಗಳಲ್ಲಿ ಒಂದು ಕಂಡರೂ ರಕ್ತ ಪರೀಕ್ಷೆ ಮಾಡಿಸಿ. ಪ್ಲೇಟ್‌ಲೆಟ್ ಎಣಿಕೆ ಅರ್ಧ ಕಥೆ ಹೇಳಿಬಿಡುತ್ತದೆ. ಎರ್ಲಿಕಿಯಾ ಆದರೆ ವೈದ್ಯರು ಡಾಕ್ಸಿಸೈಕ್ಲಿನ್ ಕೊಡುತ್ತಾರೆ, ಸಾಮಾನ್ಯವಾಗಿ ನಾಲ್ಕು ವಾರ. ಎರಡನೇ ದಿನಕ್ಕೇ ನಾಯಿ ಚುರುಕಾಯಿತು ಅಂತ ಮಾತ್ರೆ ನಿಲ್ಲಿಸಬೇಡಿ.

ಉಣ್ಣೆಯ ಔಷಧಿಯೂ ಕೆಲವೊಮ್ಮೆ ಕಾರಣ. ದನಕ್ಕೆ ಹಚ್ಚುವ ಔಷಧಿಯನ್ನು ನೀರು ಬೆರೆಸದೆಯೋ, ಕಣ್ಣಂದಾಜಿನಲ್ಲಿ ಬೆರೆಸಿಯೋ ನಾಯಿಗೆ ಹಚ್ಚುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ವಿಪರೀತ ಜೊಲ್ಲು, ಮಾಂಸಖಂಡಗಳು ಅದುರುವುದು, ತೂರಾಟ. ನಡುಕದಿಂದ ಮೈ ಬಿಸಿಯೂ ಆಗುತ್ತದೆ, ನೋಡಿದವರು ಬಿಸಿಲು ಅನ್ನುತ್ತಾರೆ. ಹಿಂದಿನ ದಿನ ಅಥವಾ ಅವತ್ತು ಏನಾದರೂ ಹಚ್ಚಿದ್ದರೆ ಪಾತ್ರೆ ತೊಳೆಯುವ ಸೋಪಿನಿಂದ ಮೈ ತೊಳೆದು, ಆ ಬಾಟಲಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಬಾಟಲಿ ನೋಡಿದರೆ ವೈದ್ಯರ ಅರ್ಧ ಸಮಯ ಉಳಿಯುತ್ತದೆ.

ಇನ್ನು ಮಾವಿನ ಕಾಲ. ಚೀಪಿ ಎಸೆದ ಗೊರಟನ್ನು ಲ್ಯಾಬ್ರಡಾರ್, ಬೀಗಲ್ ಥರದ ಹೊಟ್ಟೆಬಾಕ ನಾಯಿಗಳು ಇಡಿಯಾಗಿ ನುಂಗುತ್ತವೆ. ಅದು ಕರುಳಲ್ಲಿ ಸಿಕ್ಕಿಕೊಂಡರೆ ಮತ್ತೆ ಮತ್ತೆ ವಾಂತಿ, ನೀರು ಕುಡಿದರೂ ವಾಂತಿ, ಕಕ್ಕಸು ಬಂದ್. ಜ್ವರ ಇರುವುದಿಲ್ಲ ಅಥವಾ ಸ್ವಲ್ಪ ಇರುತ್ತದೆ. "ಬಿಸಿಲಿಗೆ ಹೊಟ್ಟೆ ಕೆಟ್ಟಿದೆ" ಅಂತ ಮೊಸರನ್ನ ಹಾಕುತ್ತಾ ದಿನ ದೂಡಿದರೆ ಕರುಳೇ ಕೊಳೆಯಬಹುದು. ಎಕ್ಸ್‌ರೇ, ಸ್ಕ್ಯಾನ್ ಮಾಡಿಸಿ. ಎಷ್ಟೋ ಸಲ ಆಪರೇಷನ್ ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಎದೆ ಆಳವಾಗಿರುವ ದೊಡ್ಡ ನಾಯಿ, ಅಂದರೆ ಗ್ರೇಟ್ ಡೇನ್, ಜರ್ಮನ್ ಶೆಫರ್ಡ್ ಅಂಥದ್ದು, ಊಟದ ಮೇಲೆ ತೇಕುತ್ತಾ ವಾಂತಿಗೆ ಒದ್ದಾಡಿ ಏನೂ ಹೊರಬರದೆ ಹೊಟ್ಟೆ ಬಿಗಿದುಕೊಂಡರೆ ಜಠರ ತಿರುಚಿರಬಹುದು. ಮರಿ ಹಾಕಿ ಹಾಲೂಡುತ್ತಿರುವ ಹೆಣ್ಣು ನಾಯಿ ತೇಕುತ್ತಾ ನಡುಗಿ, ಕಾಲು ಸೆಟೆದುಕೊಂಡರೆ ಕ್ಯಾಲ್ಸಿಯಂ ಕುಸಿದಿರಬಹುದು. ಅದರ ಮೈಯೂ ಬೆಂಕಿಯಾಗುತ್ತದೆ. ಎರಡರಲ್ಲೂ ಗಂಟೆಗಳ ಲೆಕ್ಕ, ತಕ್ಷಣ ಹೊರಡಿ.

ಬೀದಿಯ ನಾಯಿ, ಗುರುತಿಲ್ಲದ ನಾಯಿ ಜೊಲ್ಲು ಸುರಿಸುತ್ತಾ ತೂರಾಡುತ್ತಿದ್ದರೆ ಮನಸ್ಸು ಎಷ್ಟೇ ಮರುಗಿದರೂ ಬಾಯಿಯ ಹತ್ತಿರ ಕೈ ಹಾಕಬೇಡಿ. ಕೆಳದವಡೆ ಜೋತುಬಿದ್ದು, ನೀರು ನುಂಗಲಾಗದೆ ಒದ್ದಾಡುತ್ತಿದ್ದರೆ ರೇಬೀಸ್ ಇರಬಹುದು. ದೂರದಿಂದ ಬಕೆಟ್‌ನಲ್ಲಿ ನೀರು ಎರಚಿ, ಪ್ರಾಣಿ ರಕ್ಷಣೆಯವರನ್ನೋ ಪಶು ಆಸ್ಪತ್ರೆಯವರನ್ನೋ ಕರೆಯಿರಿ. ಕಚ್ಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅವತ್ತೇ ಲಸಿಕೆ ತೆಗೆದುಕೊಳ್ಳಿ.

ದೋಷ ಜಾಗದಲ್ಲಿದೆಯಾ?

ಬಿಸಿಲೇ ಕಾರಣ ಅಂತ ಖಾತ್ರಿಯಾದ ಮೇಲೆ ಮುಂದಿನ ಪ್ರಶ್ನೆ: ಇಲ್ಲಿ ಯಾವುದು ಕೈಕೊಟ್ಟಿತು? ಅದು ಗೊತ್ತಾಗದಿದ್ದರೆ ನಾಳೆ ಮಧ್ಯಾಹ್ನ ಮತ್ತದೇ ಕಥೆ.

ನಾಯಿ ಇರುವ ಜಾಗವನ್ನು ಬೆಳಿಗ್ಗೆ ನೋಡಿ ತೀರ್ಪು ಕೊಡಬೇಡಿ. ನಮ್ಮ ಬೀದಿಯಲ್ಲಿ ಒಂದು ಲ್ಯಾಬ್ರಡಾರ್ ಇತ್ತು. ಸಪೋಟ ಮರಕ್ಕೆ ಸರಪಳಿಯಲ್ಲಿ ಕಟ್ಟಿ, ಪಕ್ಕದಲ್ಲಿ ಬೋಗುಣಿ ತುಂಬ ನೀರಿಟ್ಟು ಮನೆಯವರು ಕೆಲಸಕ್ಕೆ ಹೋಗುತ್ತಿದ್ದರು. ಎಂಟು ಗಂಟೆಗೆ ನೋಡಿದರೆ ಎಲ್ಲವೂ ಸರಿ. ಒಂದು ಗಂಟೆಯ ಹೊತ್ತಿಗೆ ನೆರಳು ಸರಪಳಿ ಮುಟ್ಟದ ಕಡೆಗೆ ಸರಿದಿರುತ್ತಿತ್ತು. ನೆರಳಿಗೆ ಹೋಗಲು ನಾಯಿ ಎಳೆದಾಡಿದಾಗ ಸರಪಳಿ ತಾಗಿ ಬೋಗುಣಿ ಮಗುಚುತ್ತಿತ್ತು. ನೆರಳೂ ಹೋಯಿತು, ನೀರೂ ಹೋಯಿತು. ಸಂಜೆ ಬಂದವರಿಗೆ ಕಾಣುತ್ತಿದ್ದದ್ದು ಮತ್ತೆ ಮರದ ಕೆಳಗೆ ಮಲಗಿರುವ ನಾಯಿ, ಖಾಲಿ ಬೋಗುಣಿ. ಪಕ್ಕದ ಮನೆಯ ಅಜ್ಜಿ ನೋಡಿ ಹೇಳುವ ತನಕ ಕಾರಣ ಯಾರಿಗೂ ಹೊಳೆದಿರಲಿಲ್ಲ. ಹಾಗಾಗಿ ರಜೆಯ ದಿನ ಮಧ್ಯಾಹ್ನ ಒಂದಕ್ಕೆ, ಮೂರಕ್ಕೆ ಅಲ್ಲಿ ಹೋಗಿ ನಿಂತು ನೋಡಿ. ನೆಲ ಮುಟ್ಟಿ. ನಾಯಿಯ ಎತ್ತರಕ್ಕೆ ಕೂತು ಗಾಳಿ ಬರುತ್ತಿದೆಯಾ ಅಂತ ನೋಡಿ. ಆದಷ್ಟು ಕಟ್ಟಿಹಾಕದೆ ಬಿಡಿ, ತಂಪು ಎಲ್ಲಿದೆ ಅಂತ ಅದಕ್ಕೇ ಚೆನ್ನಾಗಿ ಗೊತ್ತು.

ತಗಡಿನ ಶೀಟಿನ ಗೂಡು ನೆರಳು ಕೊಡುತ್ತದೆ, ಜೊತೆಗೆ ಮೇಲಿನಿಂದ ಶಾಖ ಸುರಿಸುತ್ತದೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಎರಡು ಬದಿ ತೆರೆದಿಡಿ. ಟೆರೇಸ್ ಅಂತೂ ಬೇಸಿಗೆಯಲ್ಲಿ ನಾಯಿಯ ಜಾಗವೇ ಅಲ್ಲ. ಕಾಂಕ್ರೀಟು ಹಗಲೆಲ್ಲ ಕುಡಿದ ಶಾಖವನ್ನು ಸೂರ್ಯ ಮುಳುಗಿದ ಮೇಲೂ ಬಿಡುತ್ತಿರುತ್ತದೆ. ಒದ್ದೆ ಗೋಣಿಚೀಲ ನೇತುಹಾಕುವುದು ಬಯಲುಸೀಮೆಯಲ್ಲಿ ಒಳ್ಳೆಯ ಉಪಾಯ, ಗಾಳಿ ಆಡುತ್ತಿದ್ದರೆ ಮಾತ್ರ. ನಾಲ್ಕೂ ಕಡೆ ಮುಚ್ಚಿ ಒದ್ದೆ ಗೋಣಿ ಹಾಕಿದರೆ ಒಳಗೆ ಮಂಗಳೂರಿನ ಸೆಕೆಯನ್ನೇ ಕಟ್ಟಿಕೊಟ್ಟಂತೆ.

ನೀರಿನ ಲೆಕ್ಕ ನೋಡಿ. ನಾಯಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 50ರಿಂದ 60 ಮಿಲಿ ನೀರು ಬೇಕು, ಬಿಸಿಲಲ್ಲಿ ಇನ್ನೂ ಜಾಸ್ತಿ. 30 ಕೆಜಿ ನಾಯಿಗೆ ಎರಡು ಲೀಟರ್ ಆದರೂ ಇರಲಿ. ಒಂದೇ ಕಡೆ ಇಡುವ ಬದಲು ಎರಡು ಮೂರು ಕಡೆ ಇಡಿ, ಮಗುಚದ ಭಾರದ ಪಾತ್ರೆಯಲ್ಲಿ. ಸ್ಟೀಲ್ ಬಟ್ಟಲು ಬಿಸಿಲಿಗೆ ಕಾದು ನೀರು ಕುಡಿಯಲಾಗದಂತೆ ಆಗುತ್ತದೆ, ಮಣ್ಣಿನದು ವಾಸಿ. ಎಳನೀರು, ನೀರು ಮಜ್ಜಿಗೆ ಸ್ವಲ್ಪ ಕೊಟ್ಟರೆ ತೊಂದರೆಯಿಲ್ಲ, ಆದರೆ ಬಟ್ಟಲ ನೀರಿಗೆ ಅವು ಬದಲಿ ಆಗುವುದಿಲ್ಲ. ಮೊಸರನ್ನ ಹಾಕುವಾಗ ಈರುಳ್ಳಿ, ದ್ರಾಕ್ಷಿ ಬೀಳದಂತೆ ನೋಡಿ, ಎರಡೂ ನಾಯಿಗೆ ವಿಷ.

ಕಾರಿನ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದವರು 2005ರಲ್ಲಿ ಅಳೆದು ನೋಡಿದ್ದಾರೆ. ನಿಲ್ಲಿಸಿದ ಕಾರಿನೊಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಸ್ವಲ್ಪ ಇಳಿಸಿದರೆ ಹೆಚ್ಚೇನೂ ವ್ಯತ್ಯಾಸ ಆಗುವುದಿಲ್ಲ. "ಐದು ನಿಮಿಷ, ಒಂದು ಬ್ರೆಡ್ ತಗೊಂಡು ಬರ್ತೀನಿ" ಅಂತಲೂ ಬಿಡಬೇಡಿ.

ಆದರೂ ಎಲ್ಲರೂ ಹೆದರುವ ಕಾರಿಗಿಂತ ಜಾಸ್ತಿ ನಾಯಿಗಳನ್ನು ಬೀಳಿಸುವುದು ಓಟ. ಬ್ರಿಟನ್ನಿನ ಅದೇ ದಾಖಲೆಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ನಾಯಿಗಳು ಬಿದ್ದದ್ದು ಓಡಾಟ, ವ್ಯಾಯಾಮದಿಂದ. ಕಾರಿನಿಂದ ನೂರಕ್ಕೆ 5ರಷ್ಟು. ಚೆಂಡು ಎಸೆದರೆ ಲ್ಯಾಬ್ರಡಾರ್ ತಾನಾಗಿ ಸಾಕು ಅನ್ನುವುದಿಲ್ಲ, ನೀವೇ ನಿಲ್ಲಿಸಬೇಕು. ನಮ್ಮ ಮುಧೋಳ ನಾಯಿ ಬಾಗಲಕೋಟೆಯ ಬಿಸಿಲಿಗೆ ಒಗ್ಗಿದ, ಸಣ್ಣ ಕೂದಲಿನ, ಕೊಬ್ಬಿಲ್ಲದ ಮೈಯದು. ಅದೂ ಮೊಲದ ಹಿಂದೆ ಹತ್ತು ಗಂಟೆಯ ಬಿಸಿಲಲ್ಲಿ ಓಡಿದರೆ ಕಾದು ಹೋಗುತ್ತದೆ. ವಾಕಿಂಗ್ ಬೆಳಿಗ್ಗೆ ಏಳರೊಳಗೆ ಮುಗಿಯಲಿ. ಸಂಜೆ ಐದಕ್ಕೆ ಗಾಳಿ ತಂಪೆನಿಸಿದರೂ ಟಾರ್ ರಸ್ತೆ ಸುಡುತ್ತಿರುತ್ತದೆ. ಅಂಗೈಯ ಹಿಂಭಾಗವನ್ನು ರಸ್ತೆಗೆ ಇಟ್ಟು 7 ಸೆಕೆಂಡ್ ತಡೆಯಲಾಗದಿದ್ದರೆ ವಾಪಸ್ ಬನ್ನಿ. ಕುಂಟುತ್ತಾ ಬಂದ ನಾಯಿಯ ಅಂಗಾಲಲ್ಲಿ ಗುಳ್ಳೆ ಇದೆಯಾ ನೋಡಿ.

ದೋಷ ಉಸಿರಿನ ದಾರಿಯಲ್ಲಿದ್ದರೆ

ಜಾಗ ಸರಿಯಿದೆ, ನೀರಿದೆ, ಓಡಿಲ್ಲ. ಆದರೂ ಪಗ್, ಬುಲ್‌ಡಾಗ್, ಶಿಟ್ಸು ತೇಕುತ್ತದೆ. ಚಪ್ಪಟೆ ಮುಖದ ಈ ನಾಯಿಗಳ ಮೂಗಿನ ಹೊಳ್ಳೆ ಕಿರಿದು, ಒಳಗಿನ ಅಂಗುಳ ಉದ್ದ. ಗಾಳಿ ಹಾಯುವ ಜಾಗವೇ ಕಡಿಮೆ. ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ಸ್ವಲ್ಪ ನಡೆದರೂ ಗೊರಗೊರ ಸದ್ದು ಬರುತ್ತಿದ್ದರೆ "ಆ ಜಾತಿಯೇ ಹಾಗೆ" ಅಂತ ಬಿಡಬೇಡಿ. ಹೊಳ್ಳೆ ಅಗಲ ಮಾಡುವ ಆಪರೇಷನ್ ಇದೆ, ಮಾಡಿಸಿದರೆ ಎಷ್ಟೋ ಆರಾಮ ಸಿಗುತ್ತದೆ. ವಯಸ್ಸಾದ ಲ್ಯಾಬ್ರಡಾರ್‌ನ ಬೊಗಳು ಗೊಗ್ಗರಾಗಿ, ಉಸಿರೆಳೆಯುವಾಗ ಸದ್ದು ಬರುತ್ತಿದ್ದರೆ ಗಂಟಲಿನ ನರ ಸೋತಿರಬಹುದು. ಅಂಥ ನಾಯಿಗೆ ಬಿಸಿಲು ಬಲು ಬೇಗ ತಾಗುತ್ತದೆ.

ಬಾಯಿ ಮುಚ್ಚುವ ಬಟ್ಟೆಯ ಮಜಲ್ ಹಾಕಿ ಬಿಸಿಲಲ್ಲಿ ಕರೆದೊಯ್ಯಬೇಡಿ. ಬಾಯಿ ತೆರೆಯಲಾಗದಿದ್ದರೆ ತೇಕುವುದು ಹೇಗೆ? ಬುಟ್ಟಿಯ ಥರದ್ದು ಹಾಕಿ. ಎಳೆದಾಡುವ ನಾಯಿಗೆ ಕತ್ತುಪಟ್ಟಿಗಿಂತ ಎದೆಪಟ್ಟಿ ವಾಸಿ.

ಬೊಜ್ಜು ಇದ್ದರೆ ಈ ಬೇಸಿಗೆಗೆ ಹುಷಾರು, ಮುಂದಿನ ಬೇಸಿಗೆಯೊಳಗೆ ಇಳಿಸಿ. ಹಸ್ಕಿ, ಸ್ಪಿಟ್ಜ್, ಗೋಲ್ಡನ್ ರಿಟ್ರೀವರ್ ಮೈಯನ್ನು ಬೋಳಿಸಬೇಡಿ. ಕೆಲವಕ್ಕೆ ಕೂದಲು ಮತ್ತೆ ಸರಿಯಾಗಿ ಬರುವುದೇ ಇಲ್ಲ, ಬಿಸಿಲು ನೇರ ಚರ್ಮ ಸುಡುತ್ತದೆ. ಬಾಚಿ, ಉದುರುವ ಒಳಗೂದಲನ್ನು ತೆಗೆದರೆ ಗಾಳಿ ತಾನೇ ಚರ್ಮ ಮುಟ್ಟುತ್ತದೆ.

ಚೇತರಿಸಿಕೊಂಡ ಮೇಲೆ

ನೀರು ಸುರಿದ ಮೇಲೆ ನಾಯಿ ಎದ್ದು ಕೂತಿತು, ಬಾಲ ಆಡಿಸಿತು. ಆದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಸಿಲಾಘಾತ ಒಳಗೆ ಮಾಡಿದ ಹಾನಿ ಹೊರಗೆ ಕಾಣಲು ಒಂದು ದಿನ, ಕೆಲವೊಮ್ಮೆ ಮೂರು ದಿನ ಹಿಡಿಯುತ್ತದೆ. ಕಿಡ್ನಿ ಸೋಲಬಹುದು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಡಬಹುದು. ಮೂತ್ರ ಕಡಿಮೆಯಾಗುವುದು, ಬಣ್ಣ ಕಪ್ಪಾಗುವುದು, ಟಾರಿನಂಥ ಕಕ್ಕಸು, ಹೊಟ್ಟೆಯ ಮೇಲೆ ಕೆಂಪು ಚುಕ್ಕೆ, ಮೂಗಿನಲ್ಲಿ ರಕ್ತ, ಇವುಗಳ ಮೇಲೆ ಕಣ್ಣಿಡಿ. ಕಿಡ್ನಿ, ಲಿವರ್, ಪ್ಲೇಟ್‌ಲೆಟ್ ಪರೀಕ್ಷೆಯನ್ನು ಅವತ್ತು ಒಂದು ಸಲ, ಮರುದಿನ ಇನ್ನೊಂದು ಸಲ ಮಾಡಿಸುವುದು ಒಳ್ಳೆಯದು.

ಯಾವ ಆಸ್ಪತ್ರೆ ಅಂತ ಬೇಸಿಗೆಗೆ ಮೊದಲೇ ವಿಚಾರಿಸಿಡಿ. ರಾತ್ರಿ ಯಾರು ಸಿಗುತ್ತಾರೆ, ಡ್ರಿಪ್ ಹಾಕಿ ಇಟ್ಟುಕೊಳ್ಳುವ ವ್ಯವಸ್ಥೆ ಎಲ್ಲಿದೆ ಅಂತ ಫೋನ್ ಮಾಡಿ ಕೇಳಿ, ನಂಬರ್ ಫ್ರಿಜ್ ಮೇಲೆ ಅಂಟಿಸಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಆ ಊರಿನವರು ಅಲ್ಲಿನ ಆಸ್ಪತ್ರೆಯ ಸಮಯವನ್ನೂ ಕೇಳಿಟ್ಟುಕೊಳ್ಳಿ.

ವೈದ್ಯರು ಸರಿ ಅನ್ನುವ ತನಕ ವಾಕಿಂಗ್, ಆಟ ಎರಡೂ ಬೇಡ. ಆಮೇಲೂ ಬೆಳಗಿನ ತಂಪಿನಲ್ಲಿ ಮನೆ ಮುಂದೆ ಒಂದು ಸುತ್ತಿನಿಂದ ಶುರು ಮಾಡಿ. ವಾಪಸ್ ಬಂದು ಹತ್ತು ನಿಮಿಷ ಕಳೆದರೂ ತೇಕುವುದು ನಿಲ್ಲದಿದ್ದರೆ ಮರುದಿನ ಆ ಒಂದು ಸುತ್ತೂ ಬೇಡ, ವೈದ್ಯರಿಗೆ ತೋರಿಸಿ.